ಹಲವು ಕೈಗಳ ಲೇತ್

ಕಡೆಯುವುದು ಎಂಬ ಮಾತನ್ನು ನಾವು ಮೊದಲು ಕೇಳುವುದು ಅಡುಗೆಮನೆಯಲ್ಲಿ. ಮೊಸರನ್ನು ಕಡೆಯುತ್ತೇವೆ, ಕಡೆಯುವ ಕೋಲಿಗೆ ಕಡೆಗೋಲು ಎನ್ನುತ್ತೇವೆ. ಬುಗುರಿ ಕಡೆದರು, ತೊಟ್ಟಿಲಿನ ಕಾಲು ಕಡೆದರು ಎಂದೂ ಹೇಳುತ್ತೇವೆ. ಮಜ್ಜಿಗೆಗೂ ಬುಗುರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇರುವುದು ಹಗ್ಗದಲ್ಲಿ. ಕಡೆಗೋಲಿಗೆ ಹಗ್ಗ ಸುತ್ತಿ ಎಳೆದಾಗ ಅದು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗುತ್ತದೆ. ಚನ್ನಪಟ್ಟಣದ ಗೊಂಬೆ ಕಸುಬಿನ ಹಳೆಯ ಕೈಲೇತ್‌ನಲ್ಲೂ ಇದೇ ಉಪಾಯ. ಮರದ ತುಂಡಿಗೆ ಬಿಲ್ಲಿನ ದಾರವನ್ನು ಸುತ್ತಿ ಹಿಂದಕ್ಕೂ ಮುಂದಕ್ಕೂ ಆಡಿಸಿದರೆ ಮರ ತಿರುಗುತ್ತದೆ, ಇನ್ನೊಂದು ಕೈಯಲ್ಲಿ ಹಿಡಿದ ಉಳಿ ಅದನ್ನು ಸವರುತ್ತದೆ. ಬಿಲ್ಲು ಒಂದು ದಿಕ್ಕಿಗೆ ಹೋದಾಗ ಮಾತ್ರ ಉಳಿ ಕತ್ತರಿಸುತ್ತದೆ. ವಾಪಸು ಬರುವಾಗ ಕೈ ಸ್ವಲ್ಪ ಹಿಂದೆ ಸರಿಯಬೇಕು. ಬೇಲೂರು, ಹಳೇಬೀಡುಗಳ ದೇವಾಲಯಗಳಲ್ಲಿ ಕನ್ನಡಿಯಂತೆ ಹೊಳೆಯುವ ದುಂಡನೆಯ ಕಂಬಗಳನ್ನು ನೀವು ನೋಡಿರುತ್ತೀರಿ. ಆ ಮೆದು ಬಳಪದ ಕಲ್ಲನ್ನೂ ತಿರುಗಿಸಿಯೇ ಕಡೆದಿರಬೇಕು ಎಂಬುದು ಅವುಗಳನ್ನು ಪರಿಶೀಲಿಸಿದವರ ಅಭಿಪ್ರಾಯ. ಕಂಬದ ಸುತ್ತ ಓಡುವ ಸಣ್ಣ ಸಣ್ಣ ಬಳೆಗಳನ್ನು ಹತ್ತಿರದಿಂದ ನೋಡಿದರೆ ನಿಮಗೂ ಹಾಗೆಯೇ ಅನ್ನಿಸುತ್ತದೆ.

ಮರಕ್ಕೆ, ಮೆದು ಕಲ್ಲಿಗೆ ಕೈಯ ಬಲ ಸಾಕು. ಉಕ್ಕಿಗೆ ಸಾಲದು. ಟೂಲನ್ನು ಮನುಷ್ಯನ ಕೈಯಿಂದ ಬಿಡಿಸಿ, ಒಂದು ಗಟ್ಟಿ ಜಾರುಬಂಡಿಯ ಮೇಲೆ ಬಿಗಿದು, ಸ್ಕ್ರೂ ತಿರುಗಿಸಿ ಅದನ್ನು ಮುಂದೂಡಿದರೆ ಮಾತ್ರ ಲೋಹ ಹೇಳಿದ ಹಾಗೆ ಕೇಳುತ್ತದೆ. ಇದನ್ನು ಪೂರ್ಣ ರೂಪದಲ್ಲಿ ಸಾಧಿಸಿದವರಲ್ಲಿ ಇಂಗ್ಲೆಂಡಿನ ಹೆನ್ರಿ ಮಾಡ್ಸ್‌ಲೇ (1771-1831) ಮುಖ್ಯನಾದವನು. 1800ರ ಆಸುಪಾಸಿನಲ್ಲಿ ಅವನು ಕಟ್ಟಿದ ಲೇತ್‌ನಲ್ಲಿ ಟೂಲ್ ಹೊತ್ತ ಸ್ಲೈಡ್, ಅದನ್ನು ಎಳೆಯುವ ಲೀಡ್ ಸ್ಕ್ರೂ, ವೇಗವನ್ನು ಹೊಂದಿಸುವ ಹಲ್ಲುಚಕ್ರಗಳು ಮೂರೂ ಒಂದೇ ಯಂತ್ರದಲ್ಲಿ ಸೇರಿದವು. ನಿಮ್ಮ ಕಾಲೇಜಿನ ವರ್ಕ್‌ಶಾಪಿನಲ್ಲಿರುವ ಲೇತ್ ಆ ಯಂತ್ರದ ನೇರ ವಂಶಸ್ಥ.

ನಮ್ಮ ರಾಜ್ಯಕ್ಕೂ ಈ ಯಂತ್ರಕ್ಕೂ ಹಳೆಯ ನಂಟು. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದೇಶಕ್ಕೆಲ್ಲ ಲೇತ್‌ಗಳನ್ನು ಕಳಿಸಿತು. ಬೆಂಗಳೂರಿನಲ್ಲಿ 1953ರಲ್ಲಿ ಸ್ಥಾಪನೆಯಾದ ಎಚ್‌ಎಂಟಿ, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ ಮೊದಲು ತಯಾರಿಸಿದ್ದು ಲೇತ್‌ಗಳನ್ನೇ. ಕೈಗಡಿಯಾರ ಬಂದದ್ದು ಆಮೇಲೆ. ಹರಿಹರದ ಆ ಕಾರ್ಖಾನೆ ಮುಚ್ಚಿ ಬಹಳ ವರ್ಷಗಳಾದವು. ಆದರೆ ಅಲ್ಲಿ ಎರಕ ಹೊಯ್ದ ಬೆಡ್‌ಗಳು ಪಾಲಿಟೆಕ್ನಿಕ್‌ಗಳಲ್ಲಿ, ಐ.ಟಿ.ಐ.ಗಳಲ್ಲಿ, ಪೀಣ್ಯದ ಸಣ್ಣ ಶೆಡ್ಡುಗಳಲ್ಲಿ ಇಂದಿಗೂ ದುಡಿಯುತ್ತಿವೆ. ಕಂಪ್ಯೂಟರ್ ನಡೆಸುವ ಸಿ.ಎನ್.ಸಿ. ಯಂತ್ರಗಳು ಬಂದು ದಶಕಗಳಾದರೂ ಒಂದೇ ಒಂದು ಬುಷ್ ಬೇಕಾದಾಗ, ಸವೆದ ಶಾಫ್ಟ್ ರಿಪೇರಿ ಆಗಬೇಕಾದಾಗ ಜನ ಹುಡುಕಿಕೊಂಡು ಹೋಗುವುದು ಕೈಲೇತ್ ಇರುವ ಟರ್ನರನ್ನೇ.

ಕಾರ್ಯಕ್ರಮದಲ್ಲಿ ಪಾಲಿಟೆಕ್ನಿಕ್ ಒಂದರ ವರ್ಕ್‌ಶಾಪಿನಿಂದ ಲೇತ್ ಕೆಲಸವನ್ನು ತೋರಿಸಿದೆವು. ಸಮಯದ ಮಿತಿ ಇದ್ದುದರಿಂದ ಕಣ್ಣಿಗೆ ಚೆಂದವಾದದ್ದು ತೆರೆಯ ಮೇಲೆ ಬಂತು, ಕೈಗೆ ಬೇಕಾದದ್ದು ಉಳಿದುಹೋಯಿತು. ಉಳಿದದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಯಂತ್ರದ ಪರಿಚಯ ಬೇಗ ಮುಗಿಸೋಣ. ಎಡಗಡೆ ಹೆಡ್‌ಸ್ಟಾಕ್, ಅದರೊಳಗೆ ತಿರುಗುವ ಸ್ಪಿಂಡಲ್, ಸ್ಪಿಂಡಲ್‌ನ ತುದಿಯಲ್ಲಿ ಚಕ್. ಚಕ್‌ನ ದವಡೆಗಳು ಜಾಬನ್ನು, ಅಂದರೆ ನೀವು ಕಡೆಯಬೇಕಾದ ಲೋಹದ ತುಂಡನ್ನು, ಕಚ್ಚಿ ಹಿಡಿಯುತ್ತವೆ. ಬಲಗಡೆ ಟೈಲ್‌ಸ್ಟಾಕ್, ಉದ್ದನೆಯ ಜಾಬಿನ ಇನ್ನೊಂದು ತುದಿಗೆ ಆಸರೆ. ಇವೆರಡರ ನಡುವೆ ಬೆಡ್ ಮೇಲೆ ಓಡಾಡುವುದು ಕ್ಯಾರೇಜ್. ಕ್ಯಾರೇಜ್ ಮೇಲೆ ಅಡ್ಡ ಚಲಿಸುವ ಕ್ರಾಸ್ ಸ್ಲೈಡ್, ಅದರ ಮೇಲೆ ಬೇಕಾದ ಕೋನಕ್ಕೆ ತಿರುಗಿಸಬಹುದಾದ ಇನ್ನೊಂದು ಪುಟ್ಟ ಸ್ಲೈಡ್, ಎಲ್ಲಕ್ಕಿಂತ ಮೇಲೆ ಟೂಲ್ ಪೋಸ್ಟ್. ಇಷ್ಟು ಗೊತ್ತಿದ್ದರೆ ಸದ್ಯಕ್ಕೆ ಸಾಕು.

ನಿಮ್ಮ ಮನೆಯ ಸೈಕಲ್ಲನ್ನು ಕಣ್ಣುಮುಚ್ಚಿ ಹತ್ತುತ್ತೀರಿ. ಗಂಟೆ ಲೆಕ್ಕದ ಬಾಡಿಗೆ ಸೈಕಲ್ಲಾದರೆ ಮೊದಲು ಬ್ರೇಕ್ ಒತ್ತಿ ನೋಡುತ್ತೀರಿ, ಸೀಟು ಅಲ್ಲಾಡಿಸುತ್ತೀರಿ. ವರ್ಕ್‌ಶಾಪಿನ ಲೇತ್ ಬಾಡಿಗೆ ಸೈಕಲ್ಲಿನ ಜಾತಿಗೆ ಸೇರಿದ್ದು. ಬೆಳಗಿನ ಬ್ಯಾಚ್‌ನವರು ಅದರ ಮೇಲೆ ಏನು ಮಾಡಿದರು, ಯಾವ ಲಿವರನ್ನು ಎಲ್ಲಿ ಬಿಟ್ಟು ಊಟಕ್ಕೆ ಓಡಿದರು ಎಂಬುದು ನಿಮಗೆ ಗೊತ್ತಿಲ್ಲ. ಆದ್ದರಿಂದ ಸ್ವಿಚ್ ಮುಟ್ಟುವ ಮೊದಲು ಎರಡು ನಿಮಿಷ ಯಂತ್ರವನ್ನು ಓದಬೇಕು. ಚಕ್ ಅನ್ನು ಕೈಯಿಂದಲೇ ಒಂದು ಸುತ್ತು ತಿರುಗಿಸಿ, ಎಲ್ಲಿಯೂ ತಗಲಬಾರದು. ಕ್ಯಾರೇಜನ್ನು ಆ ತುದಿಯಿಂದ ಈ ತುದಿಗೆ ಓಡಿಸಿ. ತಾನಾಗಿ ಚಲಿಸುವಂತೆ ಮಾಡುವ ಫೀಡ್ ಲಿವರ್ ಮತ್ತು ಥ್ರೆಡ್ ಕೆಲಸದ ಹಾಫ್ ನಟ್ ಎರಡೂ ಬಿಡಿಸಿವೆಯೇ ನೋಡಿ. ಇದನ್ನು ನೋಡದೆ ಸ್ವಿಚ್ ಒತ್ತಿದರೆ ನೀವು ಇನ್ನೂ ಕನ್ನಡಕ ಸರಿಮಾಡಿಕೊಳ್ಳುತ್ತಿರುವಾಗಲೇ ಕ್ಯಾರೇಜ್ ಚಕ್ ಕಡೆಗೆ ಹೊರಟಿರುತ್ತದೆ. ಸ್ಪಿಂಡಲ್ ವೇಗದ ಲಿವರ್ ಎಷ್ಟರಲ್ಲಿದೆ ಎಂಬುದನ್ನೂ ಫಲಕದಲ್ಲಿ ಓದಿ. ವೇಗ ಬದಲಿಸುವುದು ಯಂತ್ರ ಪೂರ್ತಿ ನಿಂತ ಮೇಲೆಯೇ. ಓಡುತ್ತಿರುವಾಗ ಹಲ್ಲುಚಕ್ರಗಳನ್ನು ಸೇರಿಸಲು ಹೋದರೆ ಹಲ್ಲು ಮುರಿಯುವುದು ಅವುಗಳದ್ದು, ಕಿವಿ ಕೇಳಬೇಕಾದದ್ದು ನಿಮ್ಮದು.

ಇನ್ನು ಚಕ್ ಕೀ. ದವಡೆಗಳನ್ನು ಬಿಗಿಮಾಡುವ ಟಿ ಆಕಾರದ ಈ ಚಾವಿಯನ್ನು ಚಕ್‌ನಲ್ಲೇ ಬಿಟ್ಟು ಯಂತ್ರ ಚಾಲೂ ಮಾಡುವುದು ವರ್ಕ್‌ಶಾಪಿನ ಅತಿ ಹಳೆಯ ತಪ್ಪು. ಕೀ ಅರ್ಧ ಸುತ್ತು ಬಂದು ಬೆಡ್‌ಗೆ ಬಡಿಯುತ್ತದೆ, ಇಲ್ಲವೇ ಚಿಮ್ಮಿ ಹೋಗುತ್ತದೆ. ಯಾರ ಕಡೆಗೆ ಎಂಬುದು ಮೊದಲೇ ತಿಳಿಯುವಂಥದ್ದಲ್ಲ. ನಾವು ಚಿತ್ರೀಕರಣ ಮಾಡಿದ ಕಡೆ ಇದ್ದ ಹಿರಿಯ ಇನ್‌ಸ್ಟ್ರಕ್ಟರ್ ಇದಕ್ಕೆ ಒಂದೇ ಕಟ್ಟಳೆ ಇಟ್ಟಿದ್ದರು: ಕೀ ಚಕ್‌ನಲ್ಲಿ ಇರುವಷ್ಟು ಹೊತ್ತು ಕೈ ಕೀ ಮೇಲೆ ಇರಬೇಕು. ಕೈ ತೆಗೆಯಬೇಕಾಗಿ ಬಂದರೆ, ಅರೆ ನಿಮಿಷಕ್ಕಾದರೂ ಸರಿ, ಕೀಯೂ ಹೊರಗೆ ಬರಬೇಕು. ಸಾಲಿನ ಆ ತುದಿಯಲ್ಲಿ ಒಬ್ಬ ಹುಡುಗಿ ಕೀಯನ್ನು ಹಾಗೇ ಬಿಟ್ಟು ವರ್ನಿಯರ್ ತರಲು ತಿರುಗಿದ್ದಳು. ಇವರು ಇದ್ದಲ್ಲಿಂದಲೇ, "ಏನಮ್ಮಾ, ನಿನ್ನ ಕೈ ಎಲ್ಲಿ ಬಿಟ್ಟು ಹೊರಟೆ?" ಅಂದರು. ಅವಳು, "ಅಯ್ಯೋ, ಸಾರಿ ಸರ್" ಎಂದು ಓಡಿಬಂದು ಕೀ ತೆಗೆದಳು. ಯಂತ್ರ ಆಗ ನಿಂತೇ ಇತ್ತು, ಯಾರಿಗೂ ಏನೂ ಆಗುತ್ತಿರಲಿಲ್ಲ. ಆದರೂ ಅವರು ಬಿಡಲಿಲ್ಲ. ಅಭ್ಯಾಸ ಕೂಡುವುದು ಇಂಥ ಗಳಿಗೆಯಲ್ಲೇ.

ಜಾಬನ್ನು ಎಷ್ಟು ಹೊರಗೆ ಬಿಡಬೇಕು? ಟೈಲ್‌ಸ್ಟಾಕ್ ಆಸರೆ ಇಲ್ಲದಿದ್ದರೆ ವ್ಯಾಸದ ಮೂರು ಪಟ್ಟಿಗಿಂತ ಹೆಚ್ಚು ಬೇಡ ಎಂಬುದು ರೂಢಿಯ ಲೆಕ್ಕ. 25 ಮಿ.ಮೀ. ಸರಳಾದರೆ 75 ಮಿ.ಮೀ. ಅದಕ್ಕಿಂತ ಉದ್ದವಾದರೆ ಟೂಲ್ ಒತ್ತಿದಾಗ ತುದಿ ಬಾಗುತ್ತದೆ, ನಡುಗುತ್ತದೆ, ಮೇಲ್ಮೈ ಮೇಲೆ ಅಲೆಅಲೆಯಾದ ಗುರುತು ಬೀಳುತ್ತದೆ. ಟೂಲ್‌ನ ತುದಿ ಜಾಬಿನ ಕೇಂದ್ರದ ಎತ್ತರದಲ್ಲೇ ಇರಬೇಕು. ಮೇಲಿದ್ದರೆ ಕತ್ತರಿಸುವ ಬದಲು ಉಜ್ಜುತ್ತದೆ. ಕೆಳಗಿದ್ದರೆ ಸರಳಿನ ಮುಖವನ್ನು ಸಮ ಮಾಡುವಾಗ ನಡುವೆ ಒಂದು ಪುಟ್ಟ ಮೊಳೆ ಉಳಿದುಬಿಡುತ್ತದೆ. ಆ ಮೊಳೆ ಉಳಿದದ್ದು ಕಂಡರೆ ಟೂಲ್ ಕೆಳಗೆ ಇನ್ನೊಂದು ತಗಡಿನ ಚೂರು ಇಡಿ. ಟೈಲ್‌ಸ್ಟಾಕ್‌ನ ಚೂಪು ತುದಿಯ ಪಕ್ಕಕ್ಕೆ ಟೂಲನ್ನು ಒಯ್ದು ಹೋಲಿಸಿ ನೋಡುವುದು ಸುಲಭದ ದಾರಿ.

ಈಗ ವೇಗ. ಇಲ್ಲಿ ಸ್ವಲ್ಪ ಗಣಿತ ಬೇಕು. ಆ ಗಣಿತವೇ ಈ ಲೇಖನದ ಮುಖ್ಯ ವಿಷಯಕ್ಕೂ ದಾರಿ ತೋರಿಸುತ್ತದೆ, ಆದ್ದರಿಂದ ಬೇಸರಿಸಬೇಡಿ. ಟೂಲ್‌ಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು ಮುಖ್ಯವಲ್ಲ. ತನ್ನ ಮುಂದೆ ನಿಮಿಷಕ್ಕೆ ಎಷ್ಟು ಮೀಟರ್ ಲೋಹ ಹಾದುಹೋಗುತ್ತದೆ ಎಂಬುದು ಮುಖ್ಯ. ಸಾಧಾರಣ ಮೈಲ್ಡ್ ಸ್ಟೀಲನ್ನು ಹೈಸ್ಪೀಡ್ ಸ್ಟೀಲ್ ಟೂಲಿನಿಂದ ಕಡೆಯುವಾಗ ಇದು ನಿಮಿಷಕ್ಕೆ ಸುಮಾರು 25 ಮೀಟರ್ ಇದ್ದರೆ ಕಲಿಯುವವರಿಗೆ ಹಿತ. ಅಲ್ಯೂಮಿನಿಯಂ ಇದರ ಹಲವು ಪಟ್ಟನ್ನು ತಡೆಯುತ್ತದೆ. ಎರಕದ ಕಬ್ಬಿಣಕ್ಕೆ ಇನ್ನೂ ಕಡಿಮೆ ಇರಲಿ. 25 ಮಿ.ಮೀ. ವ್ಯಾಸದ ಸರಳಿನ ಪರಿಧಿ ಸುಮಾರು 78.5 ಮಿ.ಮೀ. 25 ಮೀಟರ್ ಎಂದರೆ 25,000 ಮಿ.ಮೀ. ಇದನ್ನು 78.5ರಿಂದ ಭಾಗಿಸಿದರೆ 318. ಅಂದರೆ ನಿಮಿಷಕ್ಕೆ 318 ಸುತ್ತು. ನಿಮ್ಮ ಲೇತ್‌ನ ಫಲಕದಲ್ಲಿ ಇದಕ್ಕೆ ಹತ್ತಿರದ, ಇದಕ್ಕಿಂತ ಕಡಿಮೆಯ ಸಂಖ್ಯೆಯನ್ನು ಆರಿಸಿ. ಸರಳು ಅರ್ಧದಷ್ಟು ಸಣ್ಣದಾದರೆ ಸುತ್ತು ಎರಡರಷ್ಟು.

ಈಗ ಅದೇ 25 ಮೀಟರನ್ನು ಇನ್ನೊಂದು ಕಡೆಯಿಂದ ನೋಡಿ. ತಿರುಗುತ್ತಿರುವ ಆ ಸರಳಿಗೆ ನಿಮ್ಮ ಅಂಗಿಯ ತೋಳಿನ ಒಂದು ಎಳೆ, ಜಡೆಯಿಂದ ಬಿಡಿಸಿಕೊಂಡ ಒಂದು ಕುರುಳು, ವೇಲಿನ ಅಂಚು ತಗಲಿ ಸುತ್ತಿಕೊಂಡಿತು ಎನ್ನಿ. ಅದನ್ನು ಸರಳು ಎಳೆದುಕೊಳ್ಳುವ ವೇಗವೂ ನಿಮಿಷಕ್ಕೆ 25 ಮೀಟರೇ. ಸೆಕೆಂಡಿಗೆ ಸುಮಾರು 42 ಸೆಂ.ಮೀ. ಏನಾಯಿತು ಎಂದು ಮೆದುಳು ತಿಳಿದು ಕೈ ಅಲುಗಲು ಸೆಕೆಂಡಿನ ಕಾಲು ಭಾಗವಾದರೂ ಬೇಕು. ಸ್ವಿಚ್ ಹುಡುಕಿ ಒತ್ತಲು ಇನ್ನೊಂದು ಸೆಕೆಂಡು. ಒತ್ತಿದ ಮೇಲೂ ಬ್ರೇಕ್ ಇಲ್ಲದ ಚಕ್ ತನ್ನ ಜಡತ್ವದಿಂದ ಕೆಲವು ಸುತ್ತು ತಿರುಗಿಯೇ ನಿಲ್ಲುತ್ತದೆ. ಅಷ್ಟರಲ್ಲಿ ಅರ್ಧ ಮೀಟರ್ ಕೂದಲು ಸರಳಿನ ಮೇಲಿರುತ್ತದೆ. ಸುತ್ತಿಕೊಂಡಂತೆಲ್ಲ ಸುರುಳಿಯ ವ್ಯಾಸ ಹೆಚ್ಚುವುದರಿಂದ ಎಳೆತ ಇನ್ನೂ ಬೇಗ. ಇದು ಸರಳಿನ ಮಾತು. 200 ಮಿ.ಮೀ. ವ್ಯಾಸದ ಚಕ್‌ನ ಅಂಚು ಅದೇ ಸುತ್ತಿನಲ್ಲಿ ಎಂಟು ಪಟ್ಟು ವೇಗವಾಗಿ, ಸೆಕೆಂಡಿಗೆ 3.3 ಮೀಟರಿನಂತೆ ಓಡುತ್ತಿರುತ್ತದೆ.

ತಡೆದು ಹಿಡಿಯಬಹುದಲ್ಲ ಎಂದು ಹುಡುಗರು ಕೇಳುತ್ತಾರೆ. ಇದಕ್ಕೂ ಲೆಕ್ಕವಿದೆ. ಕಾಲೇಜಿನ ಲೇತ್‌ಗೆ ಎರಡು ಅಶ್ವಶಕ್ತಿಯ, ಅಂದರೆ ಸುಮಾರು 1,500 ವಾಟ್‌ನ ಮೋಟಾರು ಇದೆ ಎಂದಿಟ್ಟುಕೊಳ್ಳಿ. ಶಕ್ತಿಯನ್ನು ವೇಗದಿಂದ ಭಾಗಿಸಿದರೆ ಬಲ. 1,500ನ್ನು 0.42ರಿಂದ ಭಾಗಿಸಿ: ಸುಮಾರು 3,600 ನ್ಯೂಟನ್. ಚಕ್ರಗಳಲ್ಲಿ, ಬೆಲ್ಟಿನಲ್ಲಿ ಆಗುವ ನಷ್ಟವನ್ನು ಕಳೆದರೂ 300 ಕಿಲೋಗ್ರಾಂ ತೂಕದಷ್ಟು ಎಳೆತ. ಮೂರು ಮೂಟೆ ಅಕ್ಕಿ ನೇತುಹಾಕಿದ ಹಗ್ಗವನ್ನು ಯಾರೂ ಒಂದು ಕೈಯಲ್ಲಿ ತಡೆಯಲಾರರು. ಕಬ್ಬಿಣವನ್ನು ಸಿಪ್ಪೆ ಸುಲಿಯಬಲ್ಲ ಯಂತ್ರಕ್ಕೆ ತಾನು ಎಳೆಯುತ್ತಿರುವುದು ಏನೆಂದು ತಿಳಿಯುವುದಿಲ್ಲ. ಮೋಟಾರಿನ ಸದ್ದು ಕೂಡ ಬದಲಾಗದೆ ಇರಬಹುದು.

2011ರ ಏಪ್ರಿಲ್‌ನಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬರು ತಮ್ಮ ಪ್ರಾಜೆಕ್ಟಿಗಾಗಿ ವಿದ್ಯಾರ್ಥಿಗಳೆಲ್ಲ ಹಂಚಿಕೊಂಡು ಬಳಸುವ ಯಂತ್ರಾಗಾರದಲ್ಲಿ ರಾತ್ರಿ ಒಬ್ಬರೇ ಕೆಲಸ ಮಾಡುತ್ತಿದ್ದರು. ಕೂದಲು ಲೇತ್‌ಗೆ ಸಿಕ್ಕಿತು. ಸ್ವಿಚ್ ಆರಿಸಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಆಕೆ ಅಲ್ಲಿಯೇ ತೀರಿಕೊಂಡರು. ಆಮೇಲೆ ತನಿಖೆ ನಡೆಯಿತು, ಆ ಹಳೆಯ ಲೇತ್‌ಗೆ ಇರಬೇಕಾಗಿದ್ದ ರಕ್ಷಣಾ ಕವಚಗಳು ಇರಲಿಲ್ಲ ಎಂಬ ಮಾತು ಬಂತು, ಮೇಲ್ವಿಚಾರಕರಿಲ್ಲದ ಹೊತ್ತಿನಲ್ಲಿ ಸ್ನಾತಕ ವಿದ್ಯಾರ್ಥಿಗಳು ಇಂಥ ಯಂತ್ರ ಬಳಸಬಾರದೆಂಬ ನಿಯಮವನ್ನು ವಿಶ್ವವಿದ್ಯಾಲಯ ಮಾಡಿತು. ಜಗತ್ತಿನ ಹೆಸರಾಂತ ವಿಶ್ವವಿದ್ಯಾಲಯ. ಓದಿನಲ್ಲಿ ಮುಂದಿದ್ದ ಹುಡುಗಿ. ಇದನ್ನು ನಿಮ್ಮನ್ನು ಹೆದರಿಸಲು ಬರೆಯುತ್ತಿಲ್ಲ. ಪ್ರಾಜೆಕ್ಟ್ ಒಪ್ಪಿಸುವ ವಾರದಲ್ಲಿ, ಅಟೆಂಡರನ್ನು ಒಲಿಸಿಕೊಂಡು ಸಂಜೆ ಆರರ ಮೇಲೆ ವರ್ಕ್‌ಶಾಪ್ ತೆಗೆಸುವ ಪದ್ಧತಿ ನಮ್ಮಲ್ಲೂ ಇದೆ. ಹಾಗೆ ತೆಗೆಸಿದರೂ ಇಬ್ಬರು ಇರಿ. ಎರಡನೆಯವರಿಗೆ ಕೆಂಪು ಬಟನ್ ಎಲ್ಲಿದೆ ಎಂದು ಮೊದಲೇ ತೋರಿಸಿ, ಒಮ್ಮೆ ಅವರ ಕೈಯಲ್ಲೇ ಒತ್ತಿಸಿ ನೋಡಿ.

ಆದ್ದರಿಂದ ಉದ್ದ ಕೂದಲನ್ನು ಗಂಟು ಹಾಕಿ ಟೋಪಿಯೊಳಗೆ ಸೇರಿಸಬೇಕು; ಜಡೆ ಹಾಕಿದರೆ ಸಾಲದು, ಬಗ್ಗಿದಾಗ ಜಡೆಯೇ ಮೊದಲು ಮುಂದೆ ಬೀಳುವುದು. ವೇಲನ್ನು ತೆಗೆದಿಟ್ಟು ಏಪ್ರನ್ ಅಥವಾ ಕೋಟು ಹಾಕಿ. ತೋಳು ಮೊಣಕೈವರೆಗೆ ಮಡಚಿರಲಿ. ಉಂಗುರ, ಬಳೆ, ಕೈಗಡಿಯಾರ, ದೇವಸ್ಥಾನದಲ್ಲಿ ಕಟ್ಟಿಸಿಕೊಂಡ ಮಣಿಕಟ್ಟಿನ ದಾರ, ಕುತ್ತಿಗೆಯ ಸರ, ಗುರುತಿನ ಚೀಟಿಯ ಪಟ್ಟಿ ಇವೆಲ್ಲಕ್ಕೂ ಇದೇ ನಿಯಮ. ಗುರುತಿನ ಚೀಟಿ ಹಾಕದೆ ಬಂದರೆ ಗೇಟಿನಲ್ಲಿ ಬಿಡುವುದಿಲ್ಲ, ಹಾಕಿಕೊಂಡು ಬಂದರೆ ಲೇತ್ ಬಿಡುವುದಿಲ್ಲ. ಗೇಟು ದಾಟಿದ ಮೇಲೆ ಜೇಬಿಗೆ ಹಾಕಿಕೊಳ್ಳಿ. ಕೈಗವಸು ಹಾಕಿದರೆ ರಕ್ಷಣೆ ಎಂದು ಹಲವರ ನಂಬಿಕೆ. ತಿರುಗುವ ಯಂತ್ರದ ಮುಂದೆ ಅದು ತಿರುವುಮುರುವು: ಬರಿ ಬೆರಳಿಗೆ ತಗಲಿದರೆ ತರಚುತ್ತದೆ, ಗವಸಿನ ಬೆರಳಿಗೆ ತಗಲಿದರೆ ಇಡೀ ಕೈ ಹೋಗುತ್ತದೆ. ತಿರುಗುತ್ತಿರುವ ಜಾಬನ್ನು ಕಾಟನ್ ವೇಸ್ಟಿನಿಂದ ಒರೆಸುವುದೂ ಹೀಗೆಯೇ. ನಮ್ಮ ಧ್ವನಿಗ್ರಾಹಕರು ಮೈಕಿನ ವೈರನ್ನು ಕುತ್ತಿಗೆಗೆ ಹಾಕಿಕೊಂಡು ಚಕ್ ಹತ್ತಿರ ಹೋಗುವುದನ್ನು ಕಂಡ ಅದೇ ಇನ್‌ಸ್ಟ್ರಕ್ಟರ್ ಯಂತ್ರ ನಿಲ್ಲಿಸಿ, "ಸ್ವಾಮಿ, ತಾವು ಅಲ್ಲಿಂದಲೇ ಕೇಳಿಸಿಕೊಳ್ಳಿ" ಎಂದರು. ಮಿಕ್ಕ ಸದ್ದನ್ನು ನಾವು ದೂರದಿಂದಲೇ ಹಿಡಿದೆವು.

ಚಿತ್ರೀಕರಣದಲ್ಲಿ ಕಂಡ ಇನ್ನೊಂದು ಸಂಗತಿ ವಿಜ್ಞಾನದ ವಿದ್ಯಾರ್ಥಿಗಳಿಗೆ ಇಷ್ಟವಾದೀತು. ಒಂದು ದೃಶ್ಯದಲ್ಲಿ ಚಕ್ ನಿಂತೇ ಇರುವಂತೆ ಕಾಣುತ್ತದೆ, ಆದರೆ ಟೂಲ್ ಕತ್ತರಿಸುತ್ತಿದೆ. ಕ್ಯಾಮೆರಾ ಕೆಟ್ಟಿರಲಿಲ್ಲ. ದೂರದರ್ಶನದ ಕ್ಯಾಮೆರಾ ಸೆಕೆಂಡಿಗೆ 50 ಅರ್ಧಚಿತ್ರಗಳನ್ನು ಹಿಡಿಯುತ್ತದೆ. ಅಲ್ಯೂಮಿನಿಯಂ ಕಡೆಯಲು ಚಕ್ ನಿಮಿಷಕ್ಕೆ ಸುಮಾರು 1,000 ಸುತ್ತು ತಿರುಗುತ್ತಿತ್ತು. ಒಂದು ಅರ್ಧಚಿತ್ರಕ್ಕೂ ಮುಂದಿನದಕ್ಕೂ ನಡುವೆ ಅದು ಸರಿಯಾಗಿ ಮೂರನೆಯ ಒಂದು ಸುತ್ತು, 120 ಡಿಗ್ರಿ, ಸರಿಯುತ್ತದೆ. ಚಕ್‌ಗೆ ಇರುವುದು ಮೂರು ದವಡೆ. ಒಂದು ದವಡೆಯ ಜಾಗಕ್ಕೆ ಇನ್ನೊಂದು ಬಂದು ನಿಲ್ಲುವುದರಿಂದ ಚಕ್ ಅಲುಗಲೇ ಇಲ್ಲ ಎನ್ನಿಸುತ್ತದೆ. ತೆರೆಯ ಮೇಲೆ ಇದು ತಮಾಷೆ. ವರ್ಕ್‌ಶಾಪಿನಲ್ಲಿ ತಮಾಷೆಯಲ್ಲ, ಏಕೆಂದರೆ ಹಳೆಯ ಚೋಕಿನ ಟ್ಯೂಬ್‌ಲೈಟ್ ಕೂಡ ಇದೇ ಆಟ ಆಡುತ್ತದೆ. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ದೀಪ ಸೆಕೆಂಡಿಗೆ 100 ಬಾರಿ ಮಂಕಾಗಿ ಬೆಳಗುತ್ತದೆ. ಆ ಬೆಳಕಿನಲ್ಲಿ ನಿಮಿಷಕ್ಕೆ 1,000 ಸುತ್ತು ತಿರುಗುವ ಆರು ಮೂಲೆಯ ಸರಳು, 1,500 ಸುತ್ತಿನ ನಾಲ್ಕು ದವಡೆಯ ಚಕ್, 2,000 ಸುತ್ತಿನ ಮೂರು ದವಡೆಯ ಚಕ್ ಇವೆಲ್ಲ ನಿಂತಂತೆ ಕಂಡಾವು. ಹೇಗೆಂದು ನೀವೇ ಲೆಕ್ಕ ಹಾಕಿ ನೋಡಿ. ಎಲೆಕ್ಟ್ರಾನಿಕ್ ಚೋಕ್ ಬಂದ ಮೇಲೆ ಈ ತೊಂದರೆ ಬಹಳ ಕಡಿಮೆಯಾಗಿದೆ. ಅಗ್ಗದ ಕೆಲವು ಎಲ್‌ಇಡಿ ದೀಪಗಳು ಮತ್ತೆ ಅದನ್ನು ತಂದಿವೆ. ಮೂರು ಫೇಸಿಗೂ ದೀಪಗಳನ್ನು ಹಂಚಿ ಜೋಡಿಸುವುದು ಇದಕ್ಕೆ ಪರಿಹಾರ. ಯಂತ್ರ ನಿಂತಿದೆಯೇ ಎಂದು ತಿಳಿಯಲು ಕಣ್ಣಿನ ಜೊತೆ ಕಿವಿಯನ್ನೂ ಬಳಸಿ.

ಇನ್ನು ಕಡೆಯಲು ತೊಡಗೋಣ. ಟೂಲ್ ತುದಿ ಜಾಬನ್ನು ಕೂದಲೆಳೆಯಷ್ಟು ಮುಟ್ಟಲಿ, ಕ್ರಾಸ್ ಸ್ಲೈಡಿನ ಡಯಲನ್ನು ಸೊನ್ನೆಗೆ ತನ್ನಿ. ಇಲ್ಲಿ ಎಲ್ಲರೂ ಒಮ್ಮೆ ಎಡವುತ್ತಾರೆ. ಟೂಲ್ ಅರ್ಧ ಮಿ.ಮೀ. ಒಳಗೆ ಹೋದರೆ ವ್ಯಾಸ ಒಂದು ಮಿ.ಮೀ. ಕಡಿಮೆಯಾಗುತ್ತದೆ, ಏಕೆಂದರೆ ಸವೆಯುವುದು ಸುತ್ತಲೂ. ಕೆಲವು ಲೇತ್‌ಗಳ ಡಯಲ್ ಟೂಲ್ ಚಲಿಸಿದ ದೂರವನ್ನು ಹೇಳುತ್ತದೆ, ಕೆಲವು ವ್ಯಾಸದಲ್ಲಿ ಆಗುವ ಇಳಿಕೆಯನ್ನೇ ಹೇಳುತ್ತವೆ. ಒಂದೇ ಸಾಲಿನ ಎರಡು ಲೇತ್‌ಗಳಲ್ಲಿ ಎರಡು ರೀತಿ ಇರುವುದೂ ಉಂಟು. ಹೋದ ವಾರ ಪಕ್ಕದ ಯಂತ್ರದಲ್ಲಿ ಕಲಿತದ್ದನ್ನು ಈ ವಾರ ಇದರ ಮೇಲೆ ನಂಬಬೇಡಿ. ಸ್ವಲ್ಪ ಉದ್ದ ಕಡೆದು, ಯಂತ್ರ ನಿಲ್ಲಿಸಿ, ಮೈಕ್ರೋಮೀಟರಿನಿಂದ ಅಳೆದು ನೋಡಿದರೆ ಡಯಲ್ ಯಾವ ಭಾಷೆ ಆಡುತ್ತಿದೆ ಎಂಬುದು ತಿಳಿಯುತ್ತದೆ.

ಡಯಲಿನ ಇನ್ನೊಂದು ಗುಣ ಸಡಿಲು. ವರ್ಕ್‌ಶಾಪಿನವರು ಬ್ಯಾಕ್‌ಲ್ಯಾಶ್ ಎನ್ನುತ್ತಾರೆ. ಸ್ಕ್ರೂಗೂ ನಟ್‌ಗೂ ನಡುವೆ ಸವೆತದಿಂದ ಜಾಗ ಬಿದ್ದಿರುತ್ತದೆ. ಹಿಡಿಕೆಯನ್ನು ಹಿಂದಕ್ಕೆ ತಿರುಗಿಸಿದಾಗ ಡಯಲ್ ಸರಿಯುತ್ತದೆ, ಟೂಲ್ ಮಾತ್ರ ಕದಲುವುದಿಲ್ಲ. ಬಹಳ ಕೈಗಳು ತಿರುಗಿಸಿದ ಯಂತ್ರದಲ್ಲಿ ಇದು ಹೆಚ್ಚು. ಅಳತೆ ದಾಟಿತೆಂದು ಎರಡು ಗೆರೆ ಹಿಂದೆ ತಿರುಗಿಸಿ ಸುಮ್ಮನಾದರೆ ಏನೂ ಆಗಿರುವುದಿಲ್ಲ. ಅರ್ಧ ಸುತ್ತು ಪೂರ್ತಿ ಹಿಂದೆ ಹೋಗಿ, ಮತ್ತೆ ಮುಂದಕ್ಕೆ ಬರುತ್ತಾ ಬೇಕಾದ ಗೆರೆಗೆ ನಿಲ್ಲಿಸಬೇಕು.

ಕಡೆಯುವಾಗ ಬರುವ ಚೂರುಗಳನ್ನು ಗಮನಿಸಿ. ಯಂತ್ರದ ಮಟ್ಟಿಗೆ ಅವು ನಾಡಿ ಇದ್ದಂತೆ. ಎರಕದ ಕಬ್ಬಿಣ, ಹಿತ್ತಾಳೆ ಪುಡಿಪುಡಿಯಾಗಿ ಉದುರುತ್ತವೆ. ಮೈಲ್ಡ್ ಸ್ಟೀಲ್ ಜಿಲೇಬಿಯಂತೆ ಸುರುಳಿ ಸುತ್ತಿ ಬರುತ್ತದೆ. ಸುರುಳಿ ನೀಲಿ ಬಣ್ಣಕ್ಕೆ ತಿರುಗಿದರೆ ಅದರ ಉಷ್ಣತೆ 300 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗಿದೆ ಎಂದು ಅರ್ಥ. ಉಕ್ಕಿನ ಮೇಲೆ ಕೂಡುವ ತೆಳು ಆಕ್ಸೈಡ್ ಪೊರೆಯ ದಪ್ಪಕ್ಕೆ ತಕ್ಕಂತೆ ಬಣ್ಣ ಬದಲಾಗುತ್ತದೆ. ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ನೇರಳೆ, ನೀಲಿ. ಸೋಪಿನ ಗುಳ್ಳೆಯ ಬಣ್ಣಗಳಿಗೂ ಇದಕ್ಕೂ ಕಾರಣ ಒಂದೇ. ಕಾರ್ಬೈಡ್ ಟೂಲ್‌ಗೆ ನೀಲಿ ಸುರುಳಿ ಸಹಜ. ಹೈಸ್ಪೀಡ್ ಸ್ಟೀಲ್ ಟೂಲ್‌ನಲ್ಲಿ ಹಾಗೆ ಬಂದರೆ ವೇಗ ಇಳಿಸಿ, ಕೂಲಂಟ್ ಬಿಡಿ. ಉದ್ದನೆಯ ರಿಬ್ಬನ್ ಬಂದರೆ ಕೈಯಿಂದ ಎಳೆಯಲೇಬಾರದು. ಅದರ ಅಂಚು ಬ್ಲೇಡು. ಯಂತ್ರ ನಿಲ್ಲಿಸಿ ಕೊಕ್ಕೆಯಿಂದ ತೆಗೆಯಿರಿ.

ಬಿಸಿಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಉಕ್ಕು ಒಂದು ಡಿಗ್ರಿಗೆ ತನ್ನ ಅಳತೆಯ ಹತ್ತು ಲಕ್ಷದಲ್ಲಿ 12 ಭಾಗದಷ್ಟು ಹಿಗ್ಗುತ್ತದೆ. 50 ಮಿ.ಮೀ. ವ್ಯಾಸದ ಜಾಬು ಕೋಣೆಯ ಉಷ್ಣತೆಗಿಂತ 40 ಡಿಗ್ರಿ ಬಿಸಿಯಾಗಿದ್ದಾಗ ಅಳೆದರೆ, ತಣ್ಣಗಾದ ಮೇಲೆ ಅದು 0.024 ಮಿ.ಮೀ. ಸಣ್ಣದಾಗಿರುತ್ತದೆ. ಬೇರಿಂಗ್ ಕೂರಬೇಕಾದ ಜಾಗವಾದರೆ ಅಷ್ಟರಿಂದಲೇ ಕೆಲಸ ಕೆಡುತ್ತದೆ. ಕೊನೆಯ ಕಡೆತಕ್ಕೆ ಮುನ್ನ ಜಾಬು ತಣಿಯಲು ಬಿಡಿ. ಕಾಯುವ ತಾಳ್ಮೆ ಇಲ್ಲದವರಿಗೆ ಕೂಲಂಟ್ ಇದೆ.

ಇನ್ನೊಬ್ಬರು ಬಿಟ್ಟುಹೋದ ಯಂತ್ರ ಹೇಗೆ ಗುಟ್ಟಾಗಿ ಕೈಕೊಡುತ್ತದೆ ಎಂಬುದಕ್ಕೆ ಟೈಲ್‌ಸ್ಟಾಕ್ ಒಳ್ಳೆಯ ಉದಾಹರಣೆ. ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳು ಇರುವ ಟೇಪರ್ ಕಡೆಯಲು ಟೈಲ್‌ಸ್ಟಾಕನ್ನು ಅಡ್ಡಕ್ಕೆ ಸರಿಸುವ ವಿಧಾನವೊಂದಿದೆ. ಬೆಳಗಿನ ಬ್ಯಾಚ್ ಹಾಗೆ ಸರಿಸಿ, ವಾಪಸು ತರುವಾಗ 0.1 ಮಿ.ಮೀ. ವ್ಯತ್ಯಾಸ ಉಳಿಸಿ ಹೋಗಿದೆ ಎನ್ನಿ. ಕಣ್ಣಿಗೆ ಅದು ಕಾಣುವುದಿಲ್ಲ. ನೀವು 200 ಮಿ.ಮೀ. ಉದ್ದದ ಜಾಬನ್ನು ಎರಡು ಸೆಂಟರ್‌ಗಳ ನಡುವೆ ಇಟ್ಟು ಕಡೆದರೆ ಎರಡು ತುದಿಗಳ ವ್ಯಾಸದಲ್ಲಿ 0.2 ಮಿ.ಮೀ. ವ್ಯತ್ಯಾಸ ಬಂದಿರುತ್ತದೆ. ಅಂಕ ಹೋಗುವುದು ನಿಮ್ಮದು. ಮೊದಲ ತೆಳು ಕಡೆತದ ನಂತರ ಎರಡೂ ತುದಿ ಅಳೆಯಿರಿ. ವ್ಯತ್ಯಾಸದ ಅರ್ಧದಷ್ಟು ಟೈಲ್‌ಸ್ಟಾಕನ್ನು ಸರಿಸಿ ಮತ್ತೆ ನೋಡಿ. ಟೈಲ್‌ಸ್ಟಾಕ್ ಕಡೆಯ ತುದಿ ದಪ್ಪವಾಗಿದ್ದರೆ ಅದನ್ನು ನಿಮ್ಮ ಕಡೆಗೆ, ತೆಳುವಾಗಿದ್ದರೆ ಆಚೆಗೆ.

ಥ್ರೆಡ್ ಕಡೆಯುವುದು ಲೇತ್‌ನ ಅತ್ಯಂತ ಸೊಗಸಾದ ಕೆಲಸ. ತತ್ವ ಸರಳ. ಸ್ಪಿಂಡಲ್ ಒಂದು ಸುತ್ತು ತಿರುಗಿದಾಗ ಟೂಲ್ ಸರಿಯಾಗಿ ಒಂದು ಪಿಚ್ ದೂರ ಮುಂದೆ ಹೋಗಬೇಕು. ಲೀಡ್ ಸ್ಕ್ರೂವಿನ ಪಿಚ್ 6 ಮಿ.ಮೀ., ನಿಮಗೆ ಬೇಕಾದದ್ದು 1.5 ಮಿ.ಮೀ. ಎಂದಾದರೆ ಸ್ಪಿಂಡಲ್ ನಾಲ್ಕು ಸುತ್ತಿದಾಗ ಲೀಡ್ ಸ್ಕ್ರೂ ಒಂದು ಸುತ್ತಬೇಕು. 20 ಹಲ್ಲಿನ ಚಕ್ರ 80 ಹಲ್ಲಿನದನ್ನು ತಿರುಗಿಸಿದರೆ ಆಯಿತು. ಹಳೆಯ ಲೇತ್‌ಗಳಲ್ಲಿ ಲೀಡ್ ಸ್ಕ್ರೂ ಇಂಚಿನ ಲೆಕ್ಕದಲ್ಲಿರುತ್ತದೆ; ಅಂಥದರಲ್ಲಿ ಮಿ.ಮೀ. ಥ್ರೆಡ್ ಕಡೆಯಲು 127 ಹಲ್ಲಿನ ಒಂದು ವಿಚಿತ್ರ ಚಕ್ರ ಬೇಕಾಗುತ್ತದೆ. 127 ಏಕೆ? ಒಂದು ಇಂಚು 25.4 ಮಿ.ಮೀ.; ಐದು ಇಂಚು 127 ಮಿ.ಮೀ. ಅರ್ಧ ಹಲ್ಲಿನ ಚಕ್ರ ಮಾಡಲಾಗದ್ದರಿಂದ ಐದರಿಂದ ಗುಣಿಸಿ ಪೂರ್ಣಾಂಕ ಮಾಡಿಕೊಂಡಿದ್ದಾರೆ. ಥ್ರೆಡ್ ಒಂದೇ ಸಲಕ್ಕೆ ಆಗುವುದಿಲ್ಲ. ಹಲವು ಬಾರಿ ಅದೇ ದಾರಿಯಲ್ಲಿ ಟೂಲ್ ಹೋಗಬೇಕು. ಮೇಲಿನ ಉದಾಹರಣೆಯಲ್ಲಿ 6 ಎಂಬುದು 1.5ರ ಪೂರ್ಣ ಗುಣಕವಾದ್ದರಿಂದ ಹಾಫ್ ನಟ್ಟನ್ನು ಯಾವಾಗ ಹಾಕಿದರೂ ಟೂಲ್ ಹಳೆಯ ದಾರಿಗೇ ಬೀಳುತ್ತದೆ. 1.75 ಪಿಚ್ ಆದರೆ ಹಾಗಲ್ಲ. ಹಾಫ್ ನಟ್ ಬಿಡಿಸದೆ ಮೋಟಾರನ್ನು ಹಿಂದೆ ತಿರುಗಿಸಿಯೇ ಕ್ಯಾರೇಜನ್ನು ವಾಪಸು ತರುವುದು ಕಲಿಯುವವರಿಗೆ ಕ್ಷೇಮ. ಹಾಗೆ ತರುವ ಮೊದಲು ಟೂಲನ್ನು ಜಾಬಿನಿಂದ ಹೊರಗೆ ಎಳೆದುಕೊಳ್ಳಿ.

ಕೆಲಸ ಮುಗಿಯಿತು ಎನ್ನುವುದು ಗಂಟೆ ಹೊಡೆದಾಗಲ್ಲ. ಕೊನೆಯ ಹದಿನೈದು ನಿಮಿಷ ಯಂತ್ರಕ್ಕೆ ಕೊಡಬೇಕು. ಮೇನ್ ಸ್ವಿಚ್ ಆರಿಸಿ. ಚೂರುಗಳನ್ನು ಬ್ರಷ್‌ನಿಂದ ಗುಡಿಸಿ. ಗಾಳಿ ಪೈಪಿನಿಂದ ಊದಿದರೆ ಅವು ಸ್ಲೈಡಿನ ಸಂದಿಗೂ ಪಕ್ಕದವರ ಕಣ್ಣಿಗೂ ಹೋಗುತ್ತವೆ. ಟೂಲ್ ಬಿಚ್ಚಿ, ಕ್ಯಾರೇಜ್ ಮತ್ತು ಟೈಲ್‌ಸ್ಟಾಕನ್ನು ಬಲತುದಿಗೆ ಸರಿಸಿ, ಫೀಡ್ ಲಿವರ್ ಬಿಡಿಸಿ, ವೇಗವನ್ನು ಕಡಿಮೆಗೆ ತಂದು, ಚಕ್ ಕೀಯನ್ನು ಅದರ ಜಾಗದಲ್ಲಿ ನೇತುಹಾಕಿ. ಬೆಡ್‌ಗೆ ಎಣ್ಣೆ ಸವರಿ. ಮಂಗಳೂರು, ಉಡುಪಿ ಕಡೆಯ ಕಾಲೇಜಿನವರಿಗೆ ಇದನ್ನು ಹೇಳಬೇಕಾಗಿಲ್ಲ. ಆಷಾಢದ ಮಳೆಯಲ್ಲಿ ಒಂದು ರಾತ್ರಿ ಎಣ್ಣೆ ಇಲ್ಲದೆ ಬಿಟ್ಟ ಬೆಡ್ ಬೆಳಿಗ್ಗೆ ಕೆಂಪಗಾಗಿರುತ್ತದೆ. ಆಯುಧಪೂಜೆಯ ದಿನ ಕಡ್ಡಾಯವಾಗಿ ಹೊಳೆಯುವ ಯಂತ್ರ ಮಿಕ್ಕ ದಿನಗಳಲ್ಲೂ ಅದರ ಕಾಲುಭಾಗವಾದರೂ ಹೊಳೆಯಲಿ ಎಂದು ಆ ಇನ್‌ಸ್ಟ್ರಕ್ಟರ್ ಹೇಳುತ್ತಿದ್ದರು.

ಅವರ ವರ್ಕ್‌ಶಾಪಿನಲ್ಲಿ ಪ್ರತಿ ಲೇತ್‌ನ ಹೆಡ್‌ಸ್ಟಾಕ್ ಮೇಲೆ ಒಂದು ಪುಟ್ಟ ಕಪ್ಪು ಹಲಗೆ ಇತ್ತು. ಬಿಟ್ಟುಹೋಗುವವರು ಸೀಮೆಸುಣ್ಣದಲ್ಲಿ ಬರೆದಿಡುತ್ತಿದ್ದರು. ನಾವು ಹೋದ ದಿನ ಏಳನೆಯ ಲೇತ್‌ನ ಹಲಗೆಯ ಮೇಲೆ ಹೀಗಿತ್ತು: ಟೈಲ್‌ಸ್ಟಾಕ್ ಸರಿಸಿದ್ದೇವೆ, ಸೆಂಟರ್ ನೋಡಿಕೊಳ್ಳಿ, ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ, ಸರ್‌ಗೆ ಹೇಳಿದೆ. ಕೆಳಗೆ ಬ್ಯಾಚ್ ನಂಬರು, ಹೊತ್ತು.